ಎರಡು ತುಂಡು ಜಮೀನಿಗೆ ಒಂದೇ ಬೇಲಿ: ತಂತಿ ಎಷ್ಟು ಬೇಕು?

ಪ್ರಶ್ನೆ (ಮೂಡಿಗೆರೆ): ಸರ್, ನಮ್ಮ ಕಾಫಿ ತೋಟ 300 ಅಡಿ ಉದ್ದ, 200 ಅಡಿ ಅಗಲ. ಈ ವರ್ಷ ಪಕ್ಕದ ತುಂಡನ್ನೂ ತಗೊಂಡೆವು, ಅದು 150ಕ್ಕೆ 120 ಅಡಿ. ಅದರ 120 ಅಡಿ ಬದಿ ನಮ್ಮ 300 ಅಡಿ ಬದಿಗೆ ಸೇರಿಕೊಂಡಿದೆ, ಒಂದು ಮೂಲೆಯಿಂದ ಶುರುವಾಗಿ. ಎರಡರ ಸುತ್ತಳತೆ ಕೂಡಿಸಿದರೆ 1,540 ಅಡಿ ಬಂತು. ನಾಲ್ಕು ಸಾಲು ಮುಳ್ಳುತಂತಿ ಎಳೆಸಬೇಕು. ಏಳನೇ ಕ್ಲಾಸಿನ ಮಗಳು ಲೆಕ್ಕ ತಪ್ಪು ಅಂತಾಳೆ. ಹೌದಾ?

ಉತ್ತರ (ಸರ್ವೇಯರ್, ಚಿಕ್ಕಮಗಳೂರು): ಮಗಳು ಹೇಳಿದ್ದೇ ಸರಿ. ಹೊರಗಿನ ಅಂಚಿನಲ್ಲೇ ಒಂದು ಸುತ್ತು ನಡೆದು ಹೊರಟ ಜಾಗಕ್ಕೆ ಬಂದರೆ ಎಷ್ಟು ದೂರವೋ ಅದು ಸುತ್ತಳತೆ. ಎರಡು ತುಂಡು ಸೇರುವ 120 ಅಡಿ ಈಗ ತೋಟದ ಒಳಗೆ ಹೋಯಿತು. ಅಲ್ಲಿ ಬೇಲಿ ಬೇಡ ಅಲ್ವಾ? ನಿಮ್ಮ ಲೆಕ್ಕದಲ್ಲಿ ಅದು ಎರಡು ಸಲ ಸೇರಿದೆ: ಹಳೇ ತೋಟದ ಬದಿಯಾಗಿ ಒಮ್ಮೆ, ಹೊಸ ತುಂಡಿನ ಬದಿಯಾಗಿ ಇನ್ನೊಮ್ಮೆ. 1,540ರಲ್ಲಿ 240 ಕಳೆಯಿರಿ, 1,300 ಅಡಿ.

ನಡೆದೇ ನೋಡಿ: 300, 350 (ಹಳೇ ತೋಟದ 200, ಹೊಸ ತುಂಡಿನ 150 ಒಂದೇ ಗೆರೆಯಲ್ಲಿ), 120, 150, 180, 200. ಕೂಡಿಸಿದರೆ ಅದೇ 1,300. ಇದರಲ್ಲಿ 180 ನಿಮ್ಮ ಯಾವ ಕಾಗದದಲ್ಲೂ ಇರಲ್ಲ, 300ರಲ್ಲಿ 120 ಕಳೆದು ಸಿಕ್ಕಿದ್ದು. ಜಾಸ್ತಿ ಜನ ಎಡವುವುದು ಈ ಬದಿಯಲ್ಲೇ.

ನಾಲ್ಕು ಸಾಲಿಗೆ 5,200 ಅಡಿ ತಂತಿ. ನಿಮ್ಮ ಲೆಕ್ಕಕ್ಕಿಂತ 960 ಅಡಿ ಕಡಿಮೆ. ಹತ್ತು ಅಡಿಗೊಂದು ಕಲ್ಲುಕಂಬ ಅಂದರೆ 130 ಸಾಕು, 131 ಬೇಡ. ಬೇಲಿ ಸುತ್ತಿಕೊಂಡು ಮೊದಲ ಕಂಬಕ್ಕೇ ಬರುತ್ತೆ.

ಪ್ರಶ್ನೆ (ಸಕಲೇಶಪುರ): ನಮ್ಮದೂ ಪಕ್ಕದವರದೂ ಒಂದೊಂದು ಎಕರೆ. ಅವರಿಗಿಂತ ನಮಗೆ ತಂತಿ ತುಂಬಾ ಜಾಸ್ತಿ ಬೇಕಾಯ್ತು. ಯಾಕೆ ಸರ್?

ಉತ್ತರ: ನಿಮ್ಮದು ಉದ್ದ ಪಟ್ಟಿ ಇರಬೇಕು. ಒಂದು ಎಕರೆ ಅಂದರೆ 43,560 ಚದರ ಅಡಿ. ಚೌಕವಾಗಿದ್ದರೆ ಬದಿ ಸುಮಾರು 209 ಅಡಿ, ಸುತ್ತಳತೆ 835 ಅಡಿಯ ಹತ್ತಿರ. ಅದೇ ಎಕರೆ 660ಕ್ಕೆ 66 ಅಡಿಯ ಪಟ್ಟಿಯಾದರೆ 1,452 ಅಡಿ! ಜಾಗ ಅಷ್ಟೇ ಇದ್ದರೂ ಅಂಚು ಬೆಳೆಯುತ್ತೆ. ಹಳೇಬೀಡಿಗೆ ಹೋದಾಗ ಹೊಯ್ಸಳೇಶ್ವರ ಗುಡಿಯ ಗೋಡೆಯ ಪಕ್ಕ ಬೆರಳಿಟ್ಟುಕೊಂಡು ಒಂದು ಸುತ್ತು ಬನ್ನಿ. ಗೋಡೆ ನೇರ ಹೋಗದೆ ಒಳಗೆ ಹೊರಗೆ ಮಡಚಿಕೊಂಡಿದೆ. ಹಾಗಾಗಿ ಗೋಡೆ ಉದ್ದವಾಗಿದೆ, ಶಿಲ್ಪಕ್ಕೆ ಅಷ್ಟು ಜಾಗ ಸಿಕ್ಕಿದೆ. ನನಗೆ ಅದನ್ನು ಎಷ್ಟು ಸಲ ನೋಡಿದರೂ ಸಾಲದು.

ಮೂಡಿಗೆರೆಯವರು: ಸರ್, ನಾನೂ ಮಗಳೂ ಟೇಪ್ ಹಿಡಿದು ಆ 180ರ ಬದಿ ಅಳೆದೆವು. 182 ಬಂತು.

ಉತ್ತರ: ಅಲ್ಲಿ ಇಳಿಜಾರು ಇದೆಯಾ? ನಕ್ಷೆಯಲ್ಲಿ ಬರೆಯುವುದು ಮಟ್ಟಸವಾದ ಅಳತೆ, ಟೇಪು ನೆಲದ ಮೇಲೆ ಹೋಗುತ್ತೆ. 180 ಅಡಿ ಹೋಗುವಷ್ಟರಲ್ಲಿ ನೆಲ 27 ಅಡಿ ಏರಿದರೆ 182 ಆಗುತ್ತೆ. ತಂತಿಗೆ ನಿಮ್ಮ 182ನ್ನೇ ಹಿಡಿಯಿರಿ. ಉಳಿದ ಬದಿಗಳನ್ನೂ ಹಾಗೇ ಟೇಪಿನಲ್ಲಿ ಅಳೆದು, ಆಮೇಲೆ ಅಂಗಡಿಗೆ ಹೋಗಿ.