ಮೆಟಲ್ ಡಿಟೆಕ್ಟರ್ ಹವ್ಯಾಸ ಇರೋರು ಯಾರಾದ್ರೂ ಇದೀರಾ? ಮರೆಯೋಕೇ ಆಗದಂಥ ನಿಧಿ ಯಾವ್ದು ಹೇಳಿ

ಇಪ್ಸ್‌ವಿಚ್_ಕನ್ನಡಿಗ

ಎಲ್ರಿಗೂ ನಮಸ್ಕಾರ. ನಾನಿರೋದು ಇಂಗ್ಲೆಂಡಿನ ಸಫೋಕ್ ಕಡೆ. ಪಕ್ಕದ್ಮನೆ ತಾತ ಒಬ್ರು ಇನ್ನು ಬಗ್ಗಿ ಅಗೆಯೋಕಾಗಲ್ಲಪ್ಪ ಅಂತ ತಮ್ಮ ಡಿಟೆಕ್ಟರ್ ನನಗೇ ಕೊಟ್ಬಿಟ್ರು, ಪರಿಚಯದ ರೈತರ ಹತ್ರ ಮಾತಾಡಿ ಹೊಲಕ್ಕೆ ಪರ್ಮಿಷನ್ನೂ ಕೊಡ್ಸಿದ್ರು. ಕಟಾವು ಮುಗಿದ ಹೊಲದಲ್ಲಿ ಹೆಡ್‌ಫೋನ್ ಹಾಕ್ಕೊಂಡು ಡಿಟೆಕ್ಟರ್ ತುದೀಲಿರೋ ಕಾಯಿಲ್ ಆಡಿಸ್ತಾ ಹೋಗ್ತಿದ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಇಲ್ಲೀವರೆಗೂ ಸಿಕ್ಕಿದ್ದು ಕೋಟಿನ ಗುಂಡಿಗಳು, ಹಳೇ ಬಂದೂಕಿನ ಸೀಸದ ಗುಂಡು, ಕ್ಯಾನ್ ಮುಚ್ಚಳದ ರಿಂಗು, ಮತ್ತೆ ಒಂದು ವಿಕ್ಟೋರಿಯಾ ಪೆನ್ನಿ. ಆ ಪೆನ್ನಿ ಮಣ್ಣು ಬಿಡಿಸಿ ನೋಡ್ದಾಗ ನನಗೆ ಮೈ ಜುಮ್ ಅಂತು, ಯಾಕಂದ್ರೆ ನಮ್ಮಜ್ಜಿ ದೇವರ ಮನೆ ಡಬ್ಬೀಲಿ ಇಟ್ಟಿದ್ದ ಕಾಲಾಣೆ ಮೇಲೂ ಇದೇ ರಾಣಿ ಮುಖ.

ನಿಮಗೆ ಸಿಕ್ಕಿದ್ದು, ಅಥವಾ ಬೇರೆಯವರಿಗೆ ಸಿಕ್ಕಿದ್ದು ಓದಿ ತಲೇಲಿ ಉಳ್ಕೊಂಡಿದ್ದು, ಏನಿದ್ರೂ ಬರೀರಿ. ಇನ್ನೊಂದು ಪ್ರಶ್ನೆ, ಊರಿಗೆ ಬರೋವಾಗ ಇದನ್ನ ತಗೊಂಡ್ಬಂದು ಹಾಸನದ ಹತ್ರ ನಮ್ಮ ತೋಟದಲ್ಲಿ ಹುಡುಕ್ಬೋದಾ?

ನಾರ್ಫೋಕ್_ರಾಯ

ಸಫೋಕಲ್ಲೇ ಇದೀರಲ್ಲ, ಹಾಗಾದ್ರೆ ನಿಮ್ಮ ಕೌಂಟಿದೇ ಹೇಳ್ತೀನಿ. ಹಾಕ್ಸನ್ ಅಂತ ಒಂದು ಹಳ್ಳಿ ಇದೆ. 1992ರ ನವೆಂಬರ್ 16, ಪೀಟರ್ ವಾಟ್ಲಿಂಗ್ ಅನ್ನೋ ರೈತ ಹೊಲದಲ್ಲಿ ಸುತ್ತಿಗೆ ಕಳ್ಕೊಂಡಿದ್ರು, ಅದನ್ನ ಹುಡುಕಿ ಕೊಡೋಣ ಅಂತ ಅವರ ಫ್ರೆಂಡ್ ಎರಿಕ್ ಲಾಸ್ ಡಿಟೆಕ್ಟರ್ ಹಿಡ್ಕೊಂಡು ಹೋದ್ರು. ಸಿಕ್ಕಿದ್ದು ರೋಮನ್ ಕಾಲದ ಬೆಳ್ಳಿ ಚಮಚ, ಚಿನ್ನದ ಸರ, ರಾಶಿ ನಾಣ್ಯ. ನನ್ನ ಪ್ರಕಾರ ಈ ಹವ್ಯಾಸದಲ್ಲೇ ದೊಡ್ಡ ಕೆಲಸ ಅಂದ್ರೆ ಆಮೇಲೆ ಅವರು ಮಾಡಿದ್ದು: ಅಗೆಯೋದು ನಿಲ್ಲಿಸಿ ತಿಳಿಸಬೇಕಾದವರಿಗೆ ತಿಳಿಸಿದ್ರು. ಮಾರನೇ ದಿನಾನೇ ಪುರಾತತ್ವದವರು ಬಂದು ಗುಟ್ಟಾಗಿ ಅಗೆದ್ರು. ಹಂಗೆ ಮುಟ್ಟದೆ ಬಿಟ್ಟಿದ್ರಿಂದಾನೇ ಗೊತ್ತಾಗಿದ್ದು, ಇದೆಲ್ಲ ಒಂದು ಮರದ ಪೆಟ್ಟಿಗೇಲಿ ಜೋಡಿಸಿಟ್ಟಿದ್ದು ಅಂತ, ಒಳಗಡೆ ಚಿಕ್ಕ ಚಿಕ್ಕ ಪೆಟ್ಟಿಗೆ, ಅವಕ್ಕೆ ಪುಟಾಣಿ ಬೆಳ್ಳಿ ಬೀಗ. ಮರ ಎಲ್ಲ ಕೊಳೆತು ಹೋಗಿದೆ, ಆದ್ರೂ ಯಾವ ಸಾಮಾನು ಯಾವುದರ ಪಕ್ಕ ಇತ್ತು ಅನ್ನೋದ್ರಿಂದ ಆ ಮನೆಯವರು ಹೆಂಗೆ ಪ್ಯಾಕ್ ಮಾಡಿದ್ರು ಅಂತಾನೂ ಓದ್ಬೋದು.

ನಾಣ್ಯಗಳೇ 14,000ಕ್ಕೂ ಮೇಲೆ, ಬೆಳ್ಳಿದು ಬಹುಪಾಲು ಅಂಚು ಕತ್ತರಿಸಿರೋದು. ಕೊನೇ ನಾಣ್ಯಗಳು 407-408ರ ಹೊತ್ತಿಂದು, ಅಂದ್ರೆ ಬ್ರಿಟನ್ನಿನಲ್ಲಿ ರೋಮನ್ ಆಡಳಿತ ಕುಸೀತಿದ್ದ ಟೈಮು. ಒಂದು ಚಿನ್ನದ ಬಳೆ ಮೇಲೆ ಜೂಲಿಯಾನಾ ಅನ್ನೋ ಹೆಂಗಸಿನ ಹೆಸರು ಹಾಕಿ, ಸುಖವಾಗಿ ತೊಟ್ಕೋ ಅಂತ ಹಾರೈಕೆ ಬರೆದಿದೆ. ಅವಳು ವಾಪಸ್ ಬಂದು ತಗೊಳ್ಲೇ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಅಲ್ಲಿರೋ ಮೆಣಸಿನ ಡಬ್ಬಿ. ಬೆಳ್ಳೀಲಿ ಮಾಡಿದ ಹೆಂಗಸಿನ ಮೂರ್ತಿ, ತಳದಲ್ಲಿ ತಿರುಗಿಸಿದ್ರೆ ತೂತು ತೆಗೆದು ಮೆಣಸಿನ ಪುಡಿ ಉದುರತ್ತೆ. ಆಗ ಕಾಳುಮೆಣಸು ಅಂದ್ರೆ ನಮ್ಮ ಪಶ್ಚಿಮ ಕರಾವಳಿಯಿಂದಾನೇ ಹಡಗಲ್ಲಿ ಹೋಗ್ಬೇಕಿತ್ತು. ಘಟ್ಟದ ಬಳ್ಳೀಲಿ ಬಿಟ್ಟಿದ್ದು ಕೆಂಪು ಸಮುದ್ರ, ಈಜಿಪ್ಟ್, ರೋಮ್ ದಾಟಿ ಸಫೋಕಿನ ಊಟದ ಮೇಜಿಗೆ ಬಂದಿದೆ ಅಂದ್ರೆ! ಬ್ರಿಟಿಷ್ ಮ್ಯೂಸಿಯಂಗೆ ಹೋದಾಗೆಲ್ಲ ಅದರ ಮುಂದೆ ನಿಂತ್ಕೊಂಡ್ಬಿಡ್ತೀನಿ. ಲಾಸ್ ಅವರಿಗೆ 17.5 ಲಕ್ಷ ಪೌಂಡ್ ಬಹುಮಾನ ಬಂತು, ರೈತರ ಜೊತೆ ಹಂಚ್ಕೊಂಡ್ರು. ಸುತ್ತಿಗೆನೂ ಸಿಕ್ತು, ಅದೂ ಈಗ ಮ್ಯೂಸಿಯಂ ಪಾಲು.

ಸಾಮರ್ಸೆಟ್_ಸೊಸೆ

ರಾಯರೇ ಹೇಳಿದ ಮೇಲೆ ನಮ್ಮ ಕಡೆ ಫ್ರೋಮ್ ನಿಧಿ ಬಗ್ಗೆ ಹೇಳ್ದೆ ಇರೋಕಾಗುತ್ತಾ. 2010ರ ಏಪ್ರಿಲ್, ಡೇವ್ ಕ್ರಿಸ್ಪ್ ಅಂತ, ಆಸ್ಪತ್ರೇಲಿ ಅಡುಗೆ ಕೆಲಸ ಮಾಡ್ತಿದ್ದೋರು. ಒಂದು ಸಿಗ್ನಲ್ ಬಂತು, ಅಗೆದ್ರೆ ಜೇಡಿಮಣ್ಣು, ಪುಟ್ಟ ತಾಮ್ರದ ನಾಣ್ಯ, ಮಡಕೆ ಚೂರು. ಅಲ್ಲಿಗೇ ಕೈ ತೆಗೆದು ಗುಂಡಿ ಮುಚ್ಚಿ ಅಧಿಕಾರಿಗಳಿಗೆ ತಿಳಿಸಿದ್ರು. ಒಂದೇ ಮಡಕೇಲಿ 52,503 ರೋಮನ್ ನಾಣ್ಯ, ತೂಕ 160 ಕೆಜಿ! ಪುರಾತತ್ವದವರು ಅದನ್ನ ಹಂಗೇ ಎತ್ತದೆ ಪದರ ಪದರವಾಗಿ ಬಿಡಿಸಿದ್ರು, ಪ್ರತಿ ಪದರಕ್ಕೂ ಬೇರೆ ಚೀಲ. ಆಗ ಗೊತ್ತಾಗಿದ್ದು ಏನಂದ್ರೆ ಎಲ್ಲಕ್ಕಿಂತ ಹೊಸ ನಾಣ್ಯಗಳು, ಕರೌಸಿಯಸ್ ಅನ್ನೋ ದೊರೆದು, ಮೇಲ್ಗಡೆ ಇರ್ಲಿಲ್ಲ, ಕೆಳಗಿನ ಪದರಗಳಲ್ಲೇ ಜಾಸ್ತಿ ಇದ್ವು. ಅಂದ್ರೆ ವರ್ಷಗಟ್ಲೆ ಸ್ವಲ್ಪ ಸ್ವಲ್ಪ ಕೂಡಿಟ್ಟಿದ್ದಲ್ಲ, ಮಡಕೆ ಮೊದ್ಲು ಹೂತು ಆಮೇಲೆ ಒಟ್ಟಿಗೆ ಸುರಿದಿದ್ದು. ಅಷ್ಟು ಭಾರದ ಮಡಕೆ ತುಂಬ್ಕೊಂಡು ಹೊತ್ರೆ ಒಡ್ದೇ ಹೋಗ್ತಿತ್ತು. ದೇವರಿಗೆ ಒಪ್ಪಿಸಿದ್ದು ಇರ್ಬೋದು ಅಂತಾನೂ ತಜ್ಞರು ಹೇಳ್ತಾರೆ. ಕ್ರಿಸ್ಪ್ ಅವರು ಗುದ್ದಲಿ ಹಾಕಿ ಬಾಚ್ಕೊಂಡಿದ್ರೆ ದುಡ್ಡು ಸಿಕ್ಕಿರೋದು, ಈ ವಿಷಯ ಯಾವತ್ತಿಗೂ ಸಿಕ್ತಿರ್ಲಿಲ್ಲ.

ಇದರ ಉಲ್ಟಾ ಆಗಿದ್ದೂ ಇದೆ, ಹೆರಿಫೋರ್ಡ್‌ಶೈರಲ್ಲಿ 2015ರಲ್ಲಿ. ಇಬ್ಬರು ವೈಕಿಂಗ್ ಕಾಲದ ನಿಧಿ ತೆಗೆದು ಯಾರಿಗೂ ಹೇಳ್ದೆ ಮಾರೋಕೆ ಹೊರಟ್ರು. ಸುಮಾರು 300 ನಾಣ್ಯ ಇತ್ತು ಅಂತಾರೆ, ಪೊಲೀಸರಿಗೆ ಸಿಕ್ಕಿದ್ದು 31. ಆ ನಾಣ್ಯಗಳು ಇಂಗ್ಲೆಂಡಿನ ಆಲ್ಫ್ರೆಡ್ ದೊರೆ ಕಾಲದವು, ಆ ಕಾಲದ ಚರಿತ್ರೇಲಿ ಒಂದು ಪುಟಾನೇ ಹರಿದು ಹೋಯ್ತು ಅನ್ಸತ್ತೆ ನನಗೆ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ. 2019ರಲ್ಲಿ ಇಬ್ಬರಿಗೂ ಜೈಲಾಯ್ತು.

ನನ್ನ ಸ್ವಂತದ್ದು ಅಂದ್ರೆ ಮೂರನೇ ಹೆನ್ರಿ ಕಾಲದ ಬೆಳ್ಳಿ ಪೆನ್ನೀದು ಅರ್ಧ ಚೂರು. ಆಗ ಚಿಲ್ರೆ ಬೇಕು ಅಂದ್ರೆ ಹಿಂದೆ ಇರೋ ಶಿಲುಬೆ ಗೆರೆ ಹಿಡ್ಕೊಂಡು ನಾಣ್ಯಾನೇ ಕತ್ತರಿಸೋರು. ಬೆಲೆ ಏನೂ ಇಲ್ಲ, ಆದ್ರೆ 750 ವರ್ಷದ ಹಿಂದೆ ಯಾರೋ ಸಂತೇಲಿ ಏನೋ ಕೊಂಡು ಚಿಲ್ರೆ ಇಸ್ಕೊಂಡಿದಾರೆ, ಅವರ ಜೇಬಿಂದ ಬಿದ್ದಿದ್ದು ಮತ್ತೆ ಮನುಷ್ಯರ ಕೈಗೆ ಬಂದಿದ್ದು ನನ್ನ ಕೈಗೇ ಅನ್ನೋದು ಸಾಕು ನನಗೆ.

ಬೆಂಡಿಗೊ_ಬಸವ

ಆಸ್ಟ್ರೇಲಿಯಾದಿಂದ ಬರೀತಿದೀನಿ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಹುಡುಕೋದು ನಾಣ್ಯ ಅಲ್ಲ ಗುರು, ಭೂಮೀಲೇ ಹುಟ್ಟಿದ ಚಿನ್ನ. ಮೈನರ್ಸ್ ರೈಟ್ ಅಂತ ಪರ್ಮಿಟ್ ತಗೋಬೇಕು, ಮುಚ್ಚಿರೋ ಜಾಗ ಯಾವ್ದು ನೋಡ್ಕೋಬೇಕು. ಇಲ್ಲಿ ಮಾತಿಗೆ ಕೂತ್ರೆ ಎಲ್ರೂ ಹೇಳೋದು ಹ್ಯಾಂಡ್ ಆಫ್ ಫೇತ್ ಗಟ್ಟಿ ಬಗ್ಗೆ, 1980ರಲ್ಲಿ ಕಿಂಗೋವರ್ ಹತ್ರ ಡಿಟೆಕ್ಟರಲ್ಲಿ ಸಿಕ್ಕಿದ್ದು, 27 ಕೆಜಿ ಮೇಲೆ. ಲಾಸ್ ವೇಗಸ್ಸಿನ ಒಂದು ಕ್ಯಾಸಿನೋದವರು ಕೊಂಡ್ಕೊಂಡ್ರು. ಇಲ್ಲಿ ಮಣ್ಣಲ್ಲಿ ಕಬ್ಬಿಣದ ಅಂಶ ಜಾಸ್ತಿ, ಮಾಮೂಲಿ ಮಷೀನು ಸುಮ್ನೆ ಕಿರುಚ್ತಾನೇ ಇರತ್ತೆ, ಅದಕ್ಕೇ ಪಲ್ಸ್ ಇಂಡಕ್ಷನ್ ಅನ್ನೋ ಬೇರೆ ಥರದ ಮಷೀನು ಬಳಸ್ತೀವಿ. ನನ್ನ ದೊಡ್ಡ ಸಂಪಾದನೆ ಜೋಳದ ಕಾಳಷ್ಟು ಚಿನ್ನ, ಮಗಳಿಗೆ ಕೊಟ್ಟಿದೀನಿ.

ತುಂಗಭದ್ರಾ_ತೀರ

ಇಪ್ಸ್‌ವಿಚ್ ಅಣ್ಣಾರ, ನಿಮ್ಮ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ನೋಡ್ರಿ, ನಾ ಹೇಳ್ತೀನಿ. ಬ್ಯಾಡ್ರಿ, ದಯವಿಟ್ಟು ತರಬ್ಯಾಡ್ರಿ. ಇಲ್ಲಿ ನಿಧಿ ಸಿಕ್ರ ಜಿಲ್ಲಾಧಿಕಾರಿಗೆ ತಿಳಿಸ್ಬೇಕು ಅಂತ ಕಾನೂನ ಐತಿ, ದೇಶಕ್ಕ 1878ರದ್ದು, ನಮ್ಮ ರಾಜ್ಯಕ್ಕ 1962ರದ್ದು. ತ್ವಾಟ ನಿಮ್ಮದ ಇದ್ರೂ ಅಷ್ಟ. ಅಲ್ಲಿ ಇಂಗ್ಲೆಂಡಿನ್ಯಾಗ ಹುಡುಕಿದವರ ಹೆಸರು ಮ್ಯೂಸಿಯಂನಾಗ ಬರೀತಾರ, ಇಲ್ಲಿ ಡಿಟೆಕ್ಟರ್ ಹಿಡ್ಕೊಂಡು ಹೊಂಟವ್ರನ್ನ ಕಂಡ್ರ ಜನ ನಿಧಿಗಳ್ಳ ಅಂತಾರ, ಹಂಗ ಅನ್ನಾಕ ಕಾರಣಾನೂ ಐತ್ರಿ.

ನಮ್ಮ ಆನೆಗೊಂದಿ ಹತ್ರ ನದಿ ನಡುಗಡ್ಡಿ ಮ್ಯಾಗ ನವಬೃಂದಾವನ ಐತಲ್ಲ, 2019ರ ಜುಲೈದಾಗ ವ್ಯಾಸರಾಜರ ಬೃಂದಾವನಾನ ರಾತ್ರಿ ಕಿತ್ತು ಹಾಕಿದ್ರು, ಒಳಗ ಬಂಗಾರ ಐತಿ ಅಂತ. ಯತಿಗಳ ಸಮಾಧ್ಯಾಗ ಬಂಗಾರ ಎಲ್ಲಿಂದ ಬರ್ಬೇಕ್ರಿ? ಆ ಸುದ್ದಿ ಕೇಳಿದ ದಿನ ನಮ್ಮ ಮನ್ಯಾಗ ಯಾರೂ ಸರಿಯಾಗಿ ಉಣ್ಣಲಿಲ್ಲ. ಭಕ್ತರು ಕೂಡಿ ಲಗೂನ ಮತ್ತ ಕಟ್ಟಿದ್ರು, ಕಳ್ಳರೂ ಸಿಕ್ರು. ಊರ ಹೊರಗಿನ ಹಾಳು ಗುಡಿ ಒಳಗ ಹೋಗಿ ನೋಡ್ರಿ, ಲಿಂಗದ ಬುಡ ಅಗದಿರ್ತಾರ, ನಂದಿ ಉರುಳಿಸಿರ್ತಾರ.

ನಮ್ಮ ನೆಲದಾಗ ಏನೂ ಇಲ್ಲ ಅಂತಲ್ಲ. 1891ರಾಗ ಬೆಂಗಳೂರಿನ ಯಶವಂತಪುರದಾಗ ರೋಮನ್ ಬೆಳ್ಳಿ ನಾಣ್ಯ ಸಿಕ್ಕಾವು, ಚಿತ್ರದುರ್ಗದ ಚಂದ್ರವಳ್ಳಿ ಉತ್ಖನನದಾಗೂ ಸಿಕ್ಕಾವು. ರಾಯರು ಹೇಳಿದ ಮೆಣಸು ಆ ಕಡೆ ಹೋತು, ರೊಕ್ಕ ಈ ಕಡೆ ಬಂತು. ನೀವು ಊರಿಗೆ ಬಂದಾಗ ಮಷೀನು ಬಿಟ್ಟು ಬರ್ರಿ, ಚಂದ್ರವಳ್ಳಿಗೆ ನಾನ ಕರ್ಕೊಂಡು ಹೋಗ್ತೀನಿ.

ಇಪ್ಸ್‌ವಿಚ್_ಕನ್ನಡಿಗ

ಎಲ್ರಿಗೂ ತುಂಬಾ ಥ್ಯಾಂಕ್ಸ್. ತೀರದವರೇ, ಮಷೀನು ಇಲ್ಲೇ ಇರತ್ತೆ, ಚಂದ್ರವಳ್ಳಿಗೆ ಖಂಡಿತ ಬರ್ತೀನಿ. ರಾಯರೇ, ಇಲ್ಲಿ ಸಿಕ್ಕಿದ್ದನ್ನ ತಿಳಿಸೋದು ಹೆಂಗೆ? ವಿಕ್ಟೋರಿಯಾ ಪೆನ್ನಿಗೂ ಹೇಳ್ಬೇಕಾ?

ನಾರ್ಫೋಕ್_ರಾಯ

ಪೆನ್ನಿಗೆ ಬೇಡ, ಇಟ್ಕೊಳ್ಳಿ. ಪ್ರತಿ ಕೌಂಟಿಗೂ ಫೈಂಡ್ಸ್ ಲಿಯಾಸನ್ ಆಫೀಸರ್ ಅಂತ ಇರ್ತಾರೆ, ಹಳೇದು ಅನ್ನಿಸಿದ್ದನ್ನ ಅವರಿಗೆ ತೋರಿಸಿ, ದಾಖಲೆ ಮಾಡ್ಕೊಂಡು ವಾಪಸ್ ಕೊಡ್ತಾರೆ. ಟ್ರೆಷರ್ ಆಕ್ಟ್ ಅಂತ ಇಲ್ಲಿನ ನಿಧಿ ಕಾನೂನು ಇದೆ, ಅದರ ಅಡಿ ಬರೋದಾದ್ರೆ, ಅಂದ್ರೆ 300 ವರ್ಷಕ್ಕಿಂತ ಹಳೇ ಚಿನ್ನ ಬೆಳ್ಳಿ ಒಡವೆ, ಒಂದೇ ಕಡೆ ಒಟ್ಟಿಗೆ ಸಿಕ್ಕ ಹಳೇ ನಾಣ್ಯ ಇಂಥವು, 14 ದಿನದೊಳಗೆ ತಿಳಿಸಲೇಬೇಕು. ಸಂರಕ್ಷಿತ ಸ್ಮಾರಕ ಇರೋ ಜಾಗಕ್ಕೆ ರೈತರು ಹೂಂ ಅಂದ್ರೂ ಮಷೀನು ತಗೊಂಡು ಹೋಗ್ಬೇಡಿ, ಆನ್‌ಲೈನ್ ಮ್ಯಾಪಲ್ಲಿ ಮೊದ್ಲೇ ನೋಡ್ಕೊಳ್ಳಿ. ಸಿಕ್ಕಿದ ಜಾಗ ಅಲ್ಲೇ ನಿಂತ್ಕೊಂಡು ಫೋನಲ್ಲಿ ಜಿಪಿಎಸ್ ಹಾಕಿ ಬರ್ಕೊಳ್ಳಿ, ಮನೆಗೆ ಹೋದ್ಮೇಲೆ ನೆನಪಿರಲ್ಲ. ಹಳೇ ನಾಣ್ಯ ಅನುಮಾನ ಬಂದ್ರೆ ಉಜ್ಜಬೇಡಿ, ಹುಣಸೆಹಣ್ಣು ನಿಂಬೆಹಣ್ಣು ಅಂತೂ ಬೇಡ್ವೇ ಬೇಡ, ಮೇಲಿನ ಅಕ್ಷರಾನೇ ಹೋಗ್ಬಿಡತ್ತೆ. ಮಣ್ಣಿನ ಸಮೇತ ಡಬ್ಬೀಗೆ ಹಾಕಿ ಕೊಡಿ.