ಹೊಲಿಗೆ ಮೋಟರ್‌ನಲ್ಲಿ ಪಿಕಪ್ ವೈಂಡರ್: ಫ್ರೇಮ್ ಮುಟ್ಟಿದರೆ ಜುಮ್ ಅನ್ನುತ್ತಿದೆ

ತಂತಿಮೀಟು:

ನಮಸ್ಕಾರ ಎಲ್ಲರಿಗೂ. ಗಿಟಾರ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ತಾಮ್ರದ ಸುರುಳಿ) ನಾನೇ ಸುತ್ತಬೇಕು ಅಂತ ಬಹಳ ದಿನದ ಆಸೆ. ಅಟ್ಟದ ಮೇಲಿದ್ದ ಹಳೇ ಹೊಲಿಗೆ ಯಂತ್ರದ ಮೋಟರ್ ಬಿಚ್ಚಿ ಕಬ್ಬಿಣದ ಆಂಗಲ್‌ಗೆ ಬೋಲ್ಟ್ ಹಾಕಿ ಕೂರಿಸಿದೆ. ಶಾಫ್ಟ್‌ಗೆ ಒಂದು ಮರದ ಬಿಲ್ಲೆ, ಅದರ ಮೇಲೆ ಡಬಲ್ ಟೇಪಿನಲ್ಲಿ ಬಾಬಿನ್, ಅಂದರೆ ತಾಮ್ರದ ತಂತಿ ಸುತ್ತುವ ಅಚ್ಚು. ವೇಗಕ್ಕೆ ಫ್ಯಾನ್ ರೆಗ್ಯುಲೇಟರ್. ಎಣಿಸಲು ಬಿಲ್ಲೆಯ ಅಂಚಿಗೆ ಪುಟ್ಟ ಅಯಸ್ಕಾಂತ, ಎದುರಿಗೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ಸ್ವಿಚ್). ಅದರ ಎರಡು ತಂತಿ ಹಳೇ ಕ್ಯಾಲ್ಕುಲೇಟರ್‌ನ ‘=’ ಕೀಗೆ. 1 + 1 ಒತ್ತಿ ಬಿಟ್ಟರೆ ಸುತ್ತಿಗೊಂದು ಸೇರುತ್ತಾ ಹೋಗುತ್ತದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ತೊಂದರೆ ಎರಡು. ತಂತಿ ಪದೇಪದೇ ಕಡಿಯುತ್ತಿದೆ. ನಿನ್ನೆ 3,140ನೇ ಸುತ್ತಿನಲ್ಲಿ ಹೋಯಿತು, ಬೇಕಿರುವುದು 8,000. ಇನ್ನೊಂದು, ಬರಿಗಾಲಲ್ಲಿ ನಿಂತು ಆಂಗಲ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆ. ಚಪ್ಪಲಿ ಹಾಕಿಕೊಂಡರೆ ಏನೂ ಇಲ್ಲ. ರೆಗ್ಯುಲೇಟರ್ ಕಡಿಮೆ ಇಟ್ಟರೆ ಕರೆಂಟೂ ಕಡಿಮೆ ತಾನೇ? ಚಪ್ಪಲಿ ಹಾಕಿಕೊಂಡೇ ಮುಗಿಸಿಬಿಡಲೇ? ಆಮೇಲೆ ಕ್ಯಾಲ್ಕುಲೇಟರ್ ಬದಲು ಮೈಕ್ರೋಕಂಟ್ರೋಲರ್ ಹಾಕಿ ಲ್ಯಾಪ್‌ಟಾಪ್‌ಗೆ ಜೋಡಿಸುವ ಯೋಚನೆ ಇದೆ.

ಹಳೇಬೆಸುಗೆ:

ಮೊದಲು ಪ್ಲಗ್ ಕಿತ್ತಿಡಿ. ಆಮೇಲೆ ಓದಿ.

ನಾನು ಫ್ಯಾನ್, ಮಿಕ್ಸಿ ಮೋಟರ್ ರೀವೈಂಡಿಂಗ್ ಮಾಡಿಕೊಂಡು ಬಂದವನು. ಪಿಕಪ್ ಹುಚ್ಚು ಮಗನಿಂದ ಅಂಟಿದ್ದು. ನಿಮ್ಮಂಥ ಮೋಟರ್‌ಗಳನ್ನು ಎಷ್ಟೋ ಬಿಚ್ಚಿದ್ದೇನೆ. ಒಳಗೆ ಕಾರ್ಬನ್ ಬ್ರಶ್ ಸವೆದು ಕಪ್ಪು ಪುಡಿ ಕೂತಿರುತ್ತದೆ. ಕಾರ್ಬನ್ ಅಂದರೆ ಕರೆಂಟ್ ಹರಿಯುವ ವಸ್ತು. ಆ ಪುಡಿಯೇ ಬ್ರಶ್‌ನಿಂದ ಬಾಡಿಗೆ ದಾರಿ ಮಾಡಿಕೊಡುತ್ತದೆ. ಎರಡು ಪಿನ್ನಿನ ಪ್ಲಗ್, ಅರ್ಥಿಂಗ್ ಇಲ್ಲ, ಬಾಡಿಗೆ ಬಂದ ಕರೆಂಟ್ ಹೋಗಲು ಉಳಿದ ದಾರಿ ನೀವೇ. ಇವತ್ತು ಜುಮ್ ಅಂದದ್ದು ಬೆವರಿದ ಕೈಯಲ್ಲಿ ನಾಳೆ ಹಾಗೇ ಇರುತ್ತದೆ ಅಂತ ಯಾರೂ ಹೇಳಲಾರರು.

ರೆಗ್ಯುಲೇಟರ್ ವಿಚಾರದಲ್ಲಿ ನಿಮ್ಮ ಲೆಕ್ಕ ತಪ್ಪು. ಅದರೊಳಗಿನ ಟ್ರಯಾಕ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ ಪ್ರತಿ ಅಲೆಯ ಸ್ವಲ್ಪ ಭಾಗವನ್ನು ತಡೆದು ಮೋಟರ್ ನಿಧಾನ ಮಾಡುತ್ತದೆ, ಅಷ್ಟೇ. ಮನೆಯ ಫೇಸ್‌ನಿಂದ ನಿಮ್ಮನ್ನು ಬೇರೆ ಮಾಡುವುದಿಲ್ಲ. ಪ್ಲಗ್ ತಿರುಗಿಸಿ ಹಾಕಿದಾಗ ರೆಗ್ಯುಲೇಟರ್ ನ್ಯೂಟ್ರಲ್ ಕಡೆಗೆ ಬಂದರಂತೂ ಮೋಟರ್ ನಿಂತಿದ್ದರೂ ಒಳಗೆ ಪೂರ್ತಿ 230 ವೋಲ್ಟ್ ಕೂತಿರುತ್ತದೆ. ಎಂಸಿಬಿ ಇದೆಯಲ್ಲ ಅನ್ನಬೇಡಿ. 6 ಆಂಪಿಯರ್ ಎಂಸಿಬಿ ಬೀಳುವ ಹೊತ್ತಿಗೆ ನೀವು ಬಿದ್ದಿರುತ್ತೀರಿ. ಕರೆಂಟ್ ನೆಲಕ್ಕೆ ಸೋರಿದರೆ ಕೂಡಲೇ ಬೀಳುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲೇಬೇಕು. ಆದರೆ ಒಂದು ಕೈ ಫೇಸ್, ಇನ್ನೊಂದು ಕೈ ನ್ಯೂಟ್ರಲ್ ಹಿಡಿದರೆ ಅದಕ್ಕೂ ಗೊತ್ತಾಗುವುದಿಲ್ಲ.

ಇನ್ನು ಲ್ಯಾಪ್‌ಟಾಪ್. ಈ ಮೋಟರ್ ಜೊತೆ ಅದನ್ನು ಹತ್ತಿರವೂ ತರಬೇಡಿ. ನಿಮ್ಮ ರೀಡ್ ಸ್ವಿಚ್ ತಂತಿ ಆಂಗಲ್‌ಗೆ ಉಜ್ಜಿ ಸಿಪ್ಪೆ ಹೋದರೆ ಕೌಂಟರ್‌ಗೂ ಫೇಸ್ ಬರುತ್ತದೆ, ಅಲ್ಲಿಂದ ಲ್ಯಾಪ್‌ಟಾಪ್‌ಗೂ.

ನನ್ನ ಸಲಹೆ: ಆ ಮೋಟರ್ ಬಿಟ್ಟುಬಿಡಿ. 12 ವೋಲ್ಟ್ ಡಿಸಿ ಮೋಟರ್, ಅದಕ್ಕೊಂದು ಪಿಡಬ್ಲ್ಯುಎಂ (ಕರೆಂಟನ್ನು ಬೇಗಬೇಗ ಕೊಟ್ಟು ತಡೆದು ವೇಗ ಹೊಂದಿಸುವ) ಸ್ಪೀಡ್ ಕಂಟ್ರೋಲರ್, ಪೂರ್ತಿ ಮುಚ್ಚಿದ ಅಡಾಪ್ಟರ್. ಚೌಕದೊಳಗೆ ಚೌಕದ ಗುರುತು ಇದ್ದರೆ ಅದು ಡಬಲ್ ಇನ್ಸುಲೇಷನ್. ಸ್ಕ್ರೂ ಟರ್ಮಿನಲ್ ಹೊರಗೆ ಕಾಣುವ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಡಿಸಿ ಮಾಡಿ ಕೊಡುವ ಪವರ್ ಸಪ್ಲೈ) ಬೇಡ. ಅದರ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು. ಮೋಟರ್ ದಾರಿಯಲ್ಲಿ ಒಂದು ಫ್ಯೂಸ್, ಕಾಲಿಗೆ ಸಿಗುವಂತೆ ಒಂದು ಸ್ವಿಚ್. ಎರಡೂ ಕೈ ತಂತಿ ಮೇಲೇ ಇರುತ್ತವೆ, ಅಲ್ವಾ? ನಿಮಿಷಕ್ಕೆ 800 ಸುತ್ತು ಸಾಕು. ಹತ್ತು ನಿಮಿಷಕ್ಕೆ ನಿಮ್ಮ 8,000 ಮುಗಿಯುತ್ತದೆ. ಆದರೆ ಕ್ಯಾಲ್ಕುಲೇಟರ್ ಅಷ್ಟು ವೇಗಕ್ಕೆ ಎಣಿಕೆ ಬಿಡಬಹುದು. ಮೊದಲು ಕೈಯಲ್ಲಿ 100 ಸುತ್ತು ತಿರುಗಿಸಿ ನೋಡಿ, ಆಮೇಲೆ ವೇಗ ಏರಿಸುತ್ತಾ ತಾಳೆ ನೋಡಿ.

ಅಂಗಿಯ ತೋಳು ಮೇಲಕ್ಕೆ ಮಡಚಿಕೊಳ್ಳಿ. ನನ್ನ ಅಂಗಿಯ ಗುಂಡಿ ಒಂದು ಹೀಗೇ ಹೋಯಿತು.

ಎರಡುಸುರುಳಿ:

ಬೆಸುಗೆ ಸರ್, ಒಂದು ತಕರಾರು. ನನ್ನ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗಲೂ ಸಣ್ಣಗೆ ಜುಮ್ ಅನ್ನುತ್ತದೆ. ಹಾಗಂತ ಎಸೆಯಲಾ?

ತಂತಿಮೀಟು ಅವರೇ, ತಂತಿ ಕಡಿಯುವುದಕ್ಕೆ: ನಿಮ್ಮ ತಂತಿ ಉಂಡೆ ತಿರುಗುತ್ತಿದೆಯಾ? ಅದನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ತಂತಿ ಮೇಲಿನಿಂದ ಬಿಚ್ಚಿಕೊಂಡು ಬರಲಿ. ಬೆರಳ ನಡುವೆ ಒಂದು ಚೂರು ಫೆಲ್ಟ್ ಬಟ್ಟೆ ಇಟ್ಟುಕೊಳ್ಳಿ. ಬಾಬಿನ್ ಅಂಚನ್ನು ನಯವಾದ ಮರಳು ಕಾಗದದಲ್ಲಿ ತಿಕ್ಕಿ. ಮತ್ತೆ ನೀವು ತಂದದ್ದು 42 ಗೇಜ್ (ತಂತಿ ದಪ್ಪದ ಅಳತೆ) ಆದರೆ, ಯಾವ 42? ಪಿಕಪ್‌ಗೆ ಬೇಕಾದದ್ದು ಅಮೆರಿಕದ ಅಳತೆಯ ಎಡಬ್ಲ್ಯುಜಿ 42, ಅಂದರೆ 0.063 ಮಿಮೀ. ಬ್ರಿಟಿಷ್ ಅಳತೆಯ ಎಸ್‌ಡಬ್ಲ್ಯುಜಿ 42 ಅಂದರೆ 0.1 ಮಿಮೀ. ನಾನು ಒಮ್ಮೆ ಅದನ್ನು ತಂದು, ಅರ್ಧಕ್ಕೇ ಬಾಬಿನ್ ತುಂಬಿ ಕೂತಿದ್ದೆ. ಎಸ್‌ಡಬ್ಲ್ಯುಜಿಯಲ್ಲಿ ಕೇಳುವುದಾದರೆ 46 ಹತ್ತಿರ ಬರುತ್ತದೆ.

ಹಳೇಬೆಸುಗೆ:

ಒಳ್ಳೇ ಪ್ರಶ್ನೆ. ಅಂಥ ಅಡಾಪ್ಟರ್‌ನಲ್ಲಿ ವಿದ್ಯುತ್ ಗದ್ದಲ ತಡೆಯಲು ಹಾಕಿದ ಪುಟ್ಟ ಕೆಪಾಸಿಟರ್ ಒಂದಿರುತ್ತದೆ. ಅದರಿಂದ ಸೋರುವುದಕ್ಕೆ ಮೇಲ್ಮಿತಿ ಇಟ್ಟೇ ಮಾಡಿರುತ್ತಾರೆ. ಹಳೇ ಮೋಟರ್‌ನ ಇನ್ಸುಲೇಷನ್ ಸೋರಿದರೆ ಅದಕ್ಕೆ ಮಿತಿ ಎಲ್ಲಿದೆ? ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಸಿಕ್ಕರೆ 500 ವೋಲ್ಟ್‌ನಲ್ಲಿ ಪ್ಲಗ್ ಪಿನ್ನಿಗೂ ಬಾಡಿಗೂ ನಡುವೆ ಅಳೆಯಿರಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಅದು ಬಳಸುವ ಮೋಟರ್ ಅಲ್ಲ. ಸಾಮಾನ್ಯ ಮಲ್ಟಿಮೀಟರ್ ಕೆಲವೇ ವೋಲ್ಟ್‌ನಲ್ಲಿ ಅಳೆಯುತ್ತದೆ, ಎಲ್ಲಾ ಸರಿ ಅಂತ ಸುಮ್ನೆ ಸುಳ್ಳು ಹೇಳಬಹುದು.

ತಂತಿಮೀಟು:

ಮೆಗ್ಗರ್ ತಂದು ಅಳೆದೆ. 0.2 ಮೆಗಾಓಮ್! ಬ್ರಶ್ ಮುಚ್ಚಳ ಬಿಚ್ಚಿದರೆ ಕಾಡಿಗೆ ಡಬ್ಬಿ ಚೆಲ್ಲಿದ ಹಾಗಿತ್ತು. ಆ ಮೋಟರ್‌ನ ವೈರ್ ಕತ್ತರಿಸಿಯೇ ಇಟ್ಟೆ, ಮತ್ತೆ ಆಸೆ ಆಗಬಾರದಲ್ಲ.

12 ವೋಲ್ಟ್‌ಗೆ ಬದಲಾಯಿಸಿದೆ. ಉಂಡೆ ನಿಲ್ಲಿಸಿದ ಮೇಲೆ ಒಮ್ಮೆಯೂ ಕಡಿಯಲಿಲ್ಲ. 8,000 ಸುತ್ತಿಗೆ 6.3 ಕಿಲೋಓಮ್ ತೋರಿಸಿತು. ಚಹಾ ಕುಡಿದು ಬಂದು ನೋಡಿದರೆ 6.1. ಏನೋ ಶಾರ್ಟ್ ಆಯಿತು ಅಂತ ಎದೆ ಧಸಕ್ ಅಂದಿತು.

ಹಳೇಬೆಸುಗೆ:

ಶಾರ್ಟ್ ಅಲ್ಲ. ಬೆರಳಿನ ಬಿಸಿ ಆರಿತು. ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ ಸುಮಾರು 0.4 ಶೇಕಡಾ ಬದಲಾಗುತ್ತದೆ.

ಮುಂದೆ, ಸುರುಳಿ ಅಲುಗದಿರಲಿ ಅಂತ ಪಿಕಪ್ಪನ್ನು ಮೇಣದಲ್ಲಿ ಅದ್ದುತ್ತೀರಿ ಅಂತ ಗೊತ್ತು. ಮೇಣದ ಪಾತ್ರೆಯನ್ನು ಉರಿ ಮೇಲೆ ನೇರ ಇಡಬೇಡಿ, ಬಿಸಿನೀರಿನ ಪಾತ್ರೆಯೊಳಗಿಡಿ. ಥರ್ಮಾಮೀಟರ್ 65 ಡಿಗ್ರಿ ಆಸುಪಾಸಿನಲ್ಲಿರಲಿ, ಜಾಸ್ತಿಯಾದರೆ ಬಾಬಿನ್ ಸೊಟ್ಟಗಾಗುತ್ತದೆ.