ನಾಯಿಯ ಕಿವಿಯಲ್ಲಿ ವಾಸನೆ, ಹೊಟ್ಟೆಯ ಚರ್ಮ ಕಪ್ಪಾಗುತ್ತಿದೆ: ಏನು ಮಾಡಬೇಕು?

ಪ್ರಶ್ನೆ (ಹೊಸನಗರ ತಾಲ್ಲೂಕು)

ನಮ್ಮ ನಾಲ್ಕು ವರ್ಷದ ಲ್ಯಾಬ್ರಡಾರ್ ಹೆಣ್ಣುನಾಯಿ ಆರಿದ್ರಾ ಮಳೆ ಹಿಡಿದಾಗಿನಿಂದ ತಲೆ ಕೊಡವುತ್ತಲೇ ಇದೆ. ಬಲಗಿವಿಯನ್ನು ಮಗುಚಿ ನೋಡಿದರೆ ಕಂದುಬಣ್ಣದ ಜಿಗುಟು ಗುಗ್ಗೆಯಿದ್ದು, ಹುಳಿ ಬಂದ ಹಿಟ್ಟಿನಂಥ ವಾಸನೆ ಬರುತ್ತದೆ. ಕಂಕುಳಿನ ಮತ್ತು ಹೊಟ್ಟೆಯಡಿಯ ಚರ್ಮ ಕಪ್ಪಾಗಿ ದಪ್ಪವಾಗಿದ್ದು, ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುತ್ತದೆ. ರಾತ್ರಿಯಿಡೀ ಮುಂಗಾಲಿನ ಬೆರಳ ಸಂದಿಗಳನ್ನು ನೆಕ್ಕುತ್ತಿರುತ್ತದೆ. ಬಚ್ಚಲ ಒಲೆಯ ಬೂದಿಯಲ್ಲಿ ಮಲಗುವ ಅಭ್ಯಾಸವೇ ಕಾರಣವಿರಬೇಕೆಂದು ಮೊದಲು ಸುಮ್ಮನಿದ್ದೆವು. ಹೋದ ವರ್ಷವೂ ಇದೇ ಹೊತ್ತಿಗೆ ಹೀಗಾಗಿ, ಮನುಷ್ಯರು ಬಳಸುವ ತುರಿಕೆ ಮುಲಾಮು ಹಚ್ಚಿದಾಗ ಇಳಿದು ಮತ್ತೆ ಬಂದಿತ್ತು. ಕಿವಿಗೆ ಬೇವಿನೆಣ್ಣೆ ಬಿಡಿ ಎಂದು ಕೆಲವರು, ಮೈಗೆ ಗಾಡಿಯ ಸುಟ್ಟ ಆಯಿಲ್ ಹಚ್ಚಿ ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ಸಾಗರ)

ನಾನು ಪಶುವೈದ್ಯ. ನಾಯಿಯನ್ನು ನೋಡದೆ ರೋಗ ಇಂಥದ್ದೇ ಎನ್ನಲಾರೆ. ಆದರೆ ಸುಟ್ಟ ಆಯಿಲ್ ಮಾತ್ರ ಬೇಡವೇ ಬೇಡ: ಅದು ಚರ್ಮವನ್ನು ಸುಡುತ್ತದೆ, ನೆಕ್ಕಿದಾಗ ಹೊಟ್ಟೆಗೂ ಸೇರುತ್ತದೆ. ಕಿವಿಗೂ ಏನನ್ನೂ ಬಿಡಬೇಡಿ. ನಾಯಿಯ ಕಿವಿಯ ನಾಳ ಕೆಳಕ್ಕಿಳಿದು ಆಮೇಲೆ ಒಳಕ್ಕೆ ತಿರುಗುವುದರಿಂದ ಹಾಕಿದ ಎಣ್ಣೆ ಅಲ್ಲೇ ನಿಲ್ಲುತ್ತದೆ. ಕಿವಿತಮಟೆ ಹರಿದಿದ್ದರೆ ಅಪಾಯ ಇನ್ನೂ ಹೆಚ್ಚು.

ತಾವು ಹೇಳಿದ ಜಿಡ್ಡು, ವಾಸನೆ, ಕಪ್ಪುಗಟ್ಟಿದ ಚರ್ಮ ಎಲ್ಲವೂ ಮಲಸೀಜಿಯಾ ಎಂಬ ಯೀಸ್ಟಿನ (ಒಂದು ಬಗೆಯ ಸೂಕ್ಷ್ಮ ಶಿಲೀಂಧ್ರ) ಕಡೆಗೆ ಬೆರಳು ಮಾಡುತ್ತವೆ. ಆರೋಗ್ಯವಾಗಿರುವ ನಾಯಿಯ ಮೈಮೇಲೂ ಅದು ಇರುತ್ತದೆ. ತೇವವೂ ಜಿಡ್ಡೂ ಸಿಕ್ಕಾಗ ಮಿತಿಮೀರಿ ಬೆಳೆಯುತ್ತದೆ. ಕಿವಿಯ ಒಳಗಿರುವುದೂ ಚರ್ಮವೇ ಆದ್ದರಿಂದ ಎರಡನ್ನೂ ಒಂದೇ ಕಾಯಿಲೆಯೆಂದು ನೋಡಬೇಕು. ಪ್ರತಿ ವರ್ಷ ಮರುಕಳಿಸುತ್ತಿದ್ದು, ಪಾದವನ್ನೂ ನೆಕ್ಕುತ್ತಿದ್ದರೆ ಹಿಂದೆ ಅಲರ್ಜಿ ಇರುವ ಸಂಭವವೇ ಹೆಚ್ಚು. ತಾವು ಹೋದ ವರ್ಷ ಹಚ್ಚಿದಂಥ ಮುಲಾಮುಗಳಲ್ಲಿ ಸ್ಟೆರಾಯ್ಡ್ ಇದ್ದರೆ ತುರಿಕೆ ಅಡಗುತ್ತದೆ, ಕಾರಣ ಹಾಗೆಯೇ ಉಳಿಯುತ್ತದೆ. ಗುಗ್ಗೆಯನ್ನು ಹತ್ತಿಯಲ್ಲಿ ತೆಗೆದು ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯೀಸ್ಟೋ ಬ್ಯಾಕ್ಟೀರಿಯವೋ ಎಂಬುದು ಅಲ್ಲೇ ತಿಳಿಯುತ್ತದೆ. ಹತ್ತಿರದಲ್ಲಿ ಆ ಸೌಲಭ್ಯವಿಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ಯಿರಿ. ಹೋಗುವ ಮುನ್ನ ಕಿವಿ ತೊಳೆಯಬೇಡಿ.

ಉತ್ತರ (ತೀರ್ಥಹಳ್ಳಿ)

ಬೇಗ ಹೋಗಿ ಎಂದಷ್ಟೇ ನನ್ನ ಕೋರಿಕೆ. ಅಡಿಕೆಯ ಕೊನೆ ಕೊಯ್ಲಿನ ಗಡಿಬಿಡಿಯಲ್ಲಿ ನಾನು ಹದಿನೈದು ದಿನ ತಡಮಾಡಿದೆ. ನಮ್ಮ ನಾಯಿ ತಲೆ ಕೊಡವಿ ಕೊಡವಿ ಕಿವಿಯ ಹಾಳೆಯೊಳಗೆ ರಕ್ತ ತುಂಬಿ ಅದು ದಿಂಬಿನಂತೆ ಊದಿಕೊಂಡಿತು, ಶಸ್ತ್ರಚಿಕಿತ್ಸೆಯೇ ಬೇಕಾಯಿತು. ಇನ್ನೊಂದು ಮಾತು: ಮನೆಯವರ ಮೈಯಲ್ಲೂ ತುರಿಕೆ ಎದ್ದಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ, ಏಕೆಂದರೆ ಕಜ್ಜಿಯ ನುಸಿ ನಾಯಿಯಿಂದ ನಮಗೂ ಹತ್ತುತ್ತದೆ.

ಉತ್ತರ (ಸೊರಬ)

ಕಿವಿಯ ಮಡಿಕೆಗಳಲ್ಲಿ ಉಣುಗು ಇದೆಯೇ ಎಂದೂ ನೋಡಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಗುರುತಿಸಲ್ಪಟ್ಟದ್ದು ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅಲೆದು ಬಂದ ನಾಯಿ ಕಾಡಿನ ಉಣುಗನ್ನು ಮನೆಗೆ ತರಬಲ್ಲದು. ಬರಿಗೈಯಲ್ಲಿ ಹಿಸುಕದೆ ಚಿಮಟದಿಂದ ಬುಡ ಹಿಡಿದು ಎಳೆಯಿರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ತೋರಿಸಿ ಬಂದೆವು. ಯೀಸ್ಟೇ ಎಂದು ತಿಳಿಯಿತು, ಕಿವಿತಮಟೆ ಸರಿಯಾಗಿದೆ. ಔಷಧಿ ಶಾಂಪೂವನ್ನು ಹಚ್ಚಿದ ತಕ್ಷಣ ತೊಳೆಯದೆ ಹತ್ತು ನಿಮಿಷ ಬಿಡಬೇಕಂತೆ, ಮೈಯನ್ನು ಪೂರ್ತಿ ಒಣಗಿಸಬೇಕಂತೆ. ನಾವು ಚೆನ್ನಾಗಿದೆ ಎಂದುಕೊಂಡಿದ್ದ ಎಡಗಿವಿಯಲ್ಲೂ ಅದೇ ಯೀಸ್ಟ್ ಸಿಕ್ಕಿದ್ದರಿಂದ ಈಗ ಎರಡಕ್ಕೂ ಔಷಧಿ ಹಾಕುತ್ತಿದ್ದೇವೆ.